ಹಾಳಿಯಿಲ್ಲದ ಗಜನಿ

ಅಕ್ಕಾ, ಸ್ವಲ್ಪ ಈಚೆ ಬನ್ನಿ, ಈ ಮೊಗೆಕಾಯಿ ಹಿಡ್ಕೊಳ್ಳಿ. ಬಲಿತದ್ದನ್ನು ಬಾಳೆನಾರಲ್ಲಿ ಕಟ್ಟಿ ಜಂತಿಗೆ ತೂಗುಹಾಕಿಬಿಡಿ, ಮಳೆಗಾಲದ ಹುಳಿಗೆ ಚಿಂತೆಯಿಲ್ಲ. ನಿಮ್ಮ ಬಸಳೆ ಬೇಲಿ ಹತ್ತಿ ನಮ್ಮ ಹಿತ್ಲಿಗೆ ಇಳಿದಿದೆ. ಕುಡಿ ಚಿವುಟ್ತಾ ಇದ್ದೇನೆ. ಚಿವುಟಿದಷ್ಟೂ ಕವಲೊಡೀತದೆ, ಇಬ್ಬರಿಗೂ ಆಯ್ತು.

ಬೆಂಗಳೂರಿಂದ ತಮ್ಮನ ಮಗಳು ಬಂದಿದ್ದಾಳಲ್ಲ, ಅವರ ಅಪಾರ್ಟ್‌ಮೆಂಟಿನವರು ಸೇರಿ ಕಮ್ಯುನಿಟಿ ಗಾರ್ಡನ್ ಮಾಡಿದ್ದಾರಂತೆ. ಮನೆಗೊಂದು ಮಡಿ, ಬೆಳೆದ ಹರಿವೆ, ಬೆಂಡೆ ಹಂಚಿಕೊಳ್ತಾರಂತೆ. ಕೇಳಿ ನಂಗೆ ಬಹಳ ಖುಷಿಯಾಯ್ತು. ಸಂಜೆ ಅವಳನ್ನ ಅಳಿವೆಯಂಚಿನ ನಮ್ಮ ಉಪ್ಪುನೆಲದ ಗದ್ದೆ, ಗಜನಿಯ ಒಡ್ಡಿನ ಮೇಲೆ ಕರಕೊಂಡು ಹೋದೆ. ಈಗ ನೀರು ಬಸಿದು ನೆಲ ಬಿರಿದಿದೆ, ಬಿರುಕಿನ ಅಂಚಲ್ಲಿ ಬೆಳ್ಳಗೆ ಉಪ್ಪು. ಅಷ್ಟಗಲ ಬಯಲು ನೋಡಿ, ‘ಇದರಲ್ಲಿ ಯಾರ ಗದ್ದೆ ಯಾವುದು?’ ಅಂದಳು. ನಡುವೆ ಗಡಿಯ ಹಾಳಿ ಇದ್ದರಲ್ಲವಾ ತೋರಿಸೋದು!

ಇರಬೇಕಾಗಿಯೂ ಇಲ್ಲ. ಕಗ್ಗ ಒಬ್ಬರು ಬೆಳೆಯುವ ಭತ್ತವೇ ಅಲ್ಲ. ಜೂನಿನ ಮಳೆ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನ ಎಲ್ಲರೂ ಒಟ್ಟಿಗೆ ಎರಚಬೇಕು. ನಾಟಿಯಿಲ್ಲ, ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆ ನಿಂತರೂ ತಡಕೊಂಡು ಆಳೆತ್ತರ ಬೆಳೀತದೆ. ಆದರೆ ಒಡ್ಡಿನಲ್ಲಿ ಏಡಿ ಕೊರೆದ ಒಂದು ಬಿಲ ಬಿಟ್ಟರೆ ಸಾಕು, ಉಪ್ಪುನೀರು ಎಲ್ಲರ ಬೆಳೆಗೂ ನುಗ್ಗೀತು. ಊರಿಡೀ ಬಿತ್ತಿದರೆ ಹಕ್ಕಿಗೂ ಪಾಲು, ನಮಗೂ ಪಾಲು. ಒಂದೇ ಮನೆಯವರು ಬಿತ್ತಿದರೆ ಹಕ್ಕಿಗೇ ಪೂರ್ತಿ. ಮಾಣಿಕಟ್ಟಾ ಕಡೆಯವರು ಕಗ್ಗ ಬಿಡದೆ ಉಳಿಸಿಕೊಂಡದ್ದು ಈ ಒಗ್ಗಟ್ಟಿನಿಂದ. ಅವರನ್ನ ನೆನೆದರೆ ಕೈ ಮುಗೀಬೇಕು ಅನ್ಸ್ತದೆ.

ಕೊಯ್ಲಲ್ಲಿ ತೆನೆ ಮಾತ್ರ ಕೊಯ್ಯೋದು, ಹುಲ್ಲು ಅಲ್ಲೇ ನಿಲ್ತದೆ. ಆಮೇಲೆ ಒಡ್ಡಿನ ಬಾಗಿಲು ತೆಗೆದರೆ ಉಬ್ಬರದ ನೀರಿನ ಜೊತೆ ಶೆಟ್ಲಿ (ಸಿಗಡಿ), ಏಡಿ, ಮೀನು ಒಳಗೆ. ಕೊಳೆತ ಹುಲ್ಲೇ ಅವುಗಳಿಗೆ ಮೇವು, ಮುಂದಿನ ಬೆಳೆಗೆ ಅದೇ ಗೊಬ್ಬರ. ಗೋವೆಯ ಖಜಾನ್, ಕೇರಳದ ಪೊಕ್ಕಾಳಿ ಗದ್ದೆಗಳದ್ದೂ ಹೀಗೇ, ಮಳೆಗಾಲ ಅನ್ನಕ್ಕೆ, ಬೇಸಿಗೆ ಮೀನಿಗೆ.

ಕೆಟ್ಟದ್ದು ಎಲ್ಲಿ ಅಂದ್ರೆ, ಶೆಟ್ಲಿಗೆ ಬೆಲೆ ಬಂದ ಮೇಲೆ. ವರ್ಷವಿಡೀ ಉಪ್ಪುನೀರು ಕಟ್ಟಿಡೋದು ಲಾಭ ಅಂತಾಯ್ತು, ಎಷ್ಟೋ ಗಜನಿಗಳಲ್ಲಿ ಬಿತ್ತನೆಯೇ ನಿಂತಿತು. ದುಡ್ಡು ಬೇಡ ಅಂತ ನಾನು ಹೇಳೋದಿಲ್ಲ, ಮನೆ ನಡೀಬೇಕು. ಆದರೆ ಕಗ್ಗದ ಬೀಜ ಡಬ್ಬದಲ್ಲಿಟ್ಟು ಉಳಿಸುವಂಥದ್ದಲ್ಲ, ಅದಕ್ಕೆ ವರ್ಷಾ ವರ್ಷಾ ಉಪ್ಪುನೆಲ ಬೇಕು. 2024ರ ಜನವರಿಯಲ್ಲಿ ನಮ್ಮ ಅಘನಾಶಿನಿ ಅಳಿವೆ, 4,801 ಹೆಕ್ಟೇರ್, ರಾಮ್ಸಾರ್ ಪಟ್ಟಿಗೆ ಸೇರಿತಲ್ಲ. ಜಗತ್ತು ನಮ್ಮ ಕಾಂಡ್ಲಾ ಕಾಡು, ಬಳಚು ಚಿಪ್ಪಿ, ಹಕ್ಕಿಗಳನ್ನ ಕಾಪಾಡಿ ಅಂತಿರುವಾಗ ನಾವು ಕಗ್ಗವನ್ನ ಬಿಟ್ಟುಕೊಡಬಾರದು.

ಬೀಜ ಉಳಿಸೋದು ಹೇಗೆ ಅಂತ ಹಂದಿಗೋಣ, ಅಳ್ವೆಕೋಡಿಯವರನ್ನ ನೋಡಿ. ಭತ್ತ ಕೊಯ್ದ ಗದ್ದೆಯಲ್ಲಿ ಸಿಹಿ ಈರುಳ್ಳಿ ಬೆಳೆದು, ಎಲೆ ಸಮೇತ ಹೆಣೆದು ಹೆದ್ದಾರಿ ಪಕ್ಕ ಸಾಲಾಗಿ ತೂಗುಹಾಕ್ತಾರೆ. ಹಸಿಯಾಗಿ ಕಚ್ಚಿ ತಿಂದರೂ ಕಣ್ಣಲ್ಲಿ ನೀರಿಲ್ಲ. ಬೀಜ ಅವರೇ ಎತ್ತಿಟ್ಟುಕೊಳ್ತಾರೆ, ಕೇಳಿದ ನೆಂಟರಿಗೂ ಒಂದು ಹಿಡಿ ಕೊಡ್ತಾರೆ. ಆ ಹಿಡಿ ಬೀಜದಿಂದಲೇ ತಳಿ ಉಳಿದದ್ದು.

ನಮ್ಮನೆ ಅಟ್ಟದಲ್ಲಿ ಬೀಜದ ಕಗ್ಗ ಇದೆ, ಅರ್ಧ ನಿಮಗೆ. ಭಾನುವಾರ ಒಡ್ಡಿನ ಹತ್ತಿರ ಎಲ್ಲರೂ ಸೇರ್ತಾರಂತೆ, ನಿಮ್ಮ ಮಗನನ್ನೂ ಕಳಿಸಿ. ಬಿಲ ಮುಚ್ಚೋಕೆ ಗಟ್ಟಿ ಆಳು ಬೇಕು. ಬಾಗಿಲು ಕಾಯುವ ಪಾಳಿಯಲ್ಲಿ ಮೊದಲ ವಾರ ನಮ್ಮದು, ಎರಡನೇ ವಾರ ನಿಮ್ಮದು ಅಂತ ಬರೆಸಿಬಿಡೋಣ, ಅಡ್ಡಿಯಿಲ್ಲ ಅಲ್ದಾ?