ಕೊಳೆಯಲ್ಲೇ ಕಳೆ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೀದಿಯ ಹೆಂಗಸರೆಲ್ಲ ಬೆಳ್ಳಿ ಸಾಮಾನು ಹರಡಿಕೊಂಡು ತಿಕ್ಕಲು ಕೂತಾಗ, ನಾಣ್ಯದ ರಾಯರು ತಮ್ಮ ಬೀರುವಿಗೆ ಬೀಗ ಜಡಿದು ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಓಡಾಡುತ್ತಾರೆ. ಕಳ್ಳರ ಭಯವೇನಲ್ಲ. ಹುಣಸೆಹಣ್ಣಿನ ಭಯ.

ಭಯಕ್ಕೆ ಕಾರಣವೂ ಇದೆ. ಏಳೆಂಟು ವರ್ಷದ ಹಿಂದೆ ಇಂಥದೇ ಒಂದು ಮಧ್ಯಾಹ್ನ ಅವರು ಪೆನ್ಷನ್ ವಿಚಾರಿಸಲು ಹೋಗಿದ್ದರು. ಬೀರುವಿನಲ್ಲಿ ಮಸಿ ಹಿಡಿದು ಬಿದ್ದಿದ್ದ ಹನ್ನೊಂದು ರಾಣಿ ರೂಪಾಯಿಗಳು ಹೆಂಡತಿಯ ಕಣ್ಣಿಗೆ ಬಿದ್ದವು. ‘ಪಾಪ, ಲಕ್ಷ್ಮಿ ಹೀಗಿರಬಾರದು’ ಅಂದುಕೊಂಡರು. ಮೊದಲು ಹುಣಸೆಹಣ್ಣು, ಆಮೇಲೆ ವಿಭೂತಿ, ಕೊನೆಗೆ ಹಳೇ ಪಂಚೆಯ ಚೂರು. ರಾಯರು ಮನೆಗೆ ಬಂದಾಗ ಹನ್ನೊಂದು ವಿಕ್ಟೋರಿಯಾ ಮಹಾರಾಣಿಯರು ತಟ್ಟೆಯಲ್ಲಿ ಫಳಫಳ ಹೊಳೆಯುತ್ತ ಸಾಲಾಗಿ ಕೂತಿದ್ದರು. ರಾಯರು ಗೋಡೆ ಹಿಡಿದುಕೊಂಡರು. ಬಂದವರ ಮುಂದೆ ಆಕೆ ಇವತ್ತಿಗೂ ಹೇಳುವುದುಂಟು: “ಇವರಪ್ಪ ಹೋದಾಗಲೂ ಇಷ್ಟು ಅತ್ತಿರಲಿಲ್ಲ ಕಣ್ರೀ.”

ನಾಣ್ಯದ ರಾಯರು ಅಂದರೆ ಒಬ್ಬರೇ ಅಲ್ಲ. ಬಸವನಗುಡಿಯಲ್ಲಿ ಅವರು ರಾಯರು, ಮಂಡ್ಯದಲ್ಲಿ ಗೌಡರು, ಹುಬ್ಬಳ್ಳಿಯಲ್ಲಿ ಪಾಟೀಲರು, ಉಡುಪಿಯಲ್ಲಿ ಶೆಟ್ಟರು, ಬೀದರಿನಲ್ಲಿ ಸಾಹೇಬರು. ಬ್ಯಾಂಕು, ಹೈಸ್ಕೂಲು ಅಥವಾ ನೀರಾವರಿ ಇಲಾಖೆಯಿಂದ ನಿವೃತ್ತರು. ಎಲ್ಲರೂ ಪೆನ್ನು ಇಟ್ಟುಕೊಳ್ಳುವ ಜೇಬಿನಲ್ಲಿ ಇವರದು ಒಂದು ಪುಟ್ಟ ಭೂತಗನ್ನಡಿ. ನಮ್ಮ ರಾಯರಂತೂ ಮೂವತ್ತು ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತು ಕಂತೆಗಟ್ಟಲೆ ದುಡ್ಡು ಎಣಿಸಿದವರು. ಆಗ ಒಂದು ದಿನವೂ ದುಡ್ಡಿನ ಮುಖ ನೋಡಿದವರಲ್ಲ. ಈಗ ಒಂದೇ ರೂಪಾಯಿಯನ್ನು ನಲವತ್ತು ನಿಮಿಷ ನೋಡುತ್ತಾರೆ.

ನೋಡುವುದಕ್ಕೂ ಒಂದು ಮಡಿಯಿದೆ. ಕೈ ತೊಳೆದು ಒರೆಸಿ ಒಣಗಿಸಬೇಕು. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಬೇಕು, ಜಾರಿ ಬಿದ್ದರೂ ಪೆಟ್ಟಾಗದ ಹಾಗೆ. ನಾಣ್ಯವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಮುಖಕ್ಕೆ ಬೆರಳು ತಾಗಿತೋ, ಬೆವರಿನ ಗುರುತು ಬೆಳ್ಳಿಯ ಮೇಲೆ ಕೂತು ವರ್ಷ ಕಳೆದ ಹಾಗೆ ಕಪ್ಪಾಗಿ ಎದ್ದು ಬರುತ್ತದೆ. “ಅಂಚು! ಅಂಚು ಹಿಡೀರಿ!” ಎಂದು ಅವರು ಕೂಗುವುದು ಬೀದಿಯ ಕೊನೆಗೆ ಕೇಳಿಸುತ್ತದೆ. ಒಮ್ಮೆ ಮನೆಗೆ ಬಂದ ಪುರೋಹಿತರು ಅಭ್ಯಾಸಬಲದಿಂದ ಒಂದು ರೂಪಾಯಿಯನ್ನು ಕಣ್ಣಿಗೊತ್ತಿಕೊಂಡುಬಿಟ್ಟರು. ಅವರಿಗೆ ಆವತ್ತು ದಕ್ಷಿಣೆ ಸಿಕ್ಕಿತು, ಕಾಫಿ ಸಿಗಲಿಲ್ಲ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ. ಆ ಪದರ ತೀರ ತೆಳುವಾಗಿದ್ದಾಗ ಬರುವ ಬಣ್ಣ ಕಪ್ಪಲ್ಲ: ಮೊದಲು ತಿಳಿಹಳದಿ, ಪದರ ದಪ್ಪವಾದಂತೆ ನೇರಳೆ, ಅಲ್ಲಿಂದ ನವಿಲುನೀಲಿ. ಹೀಗೆ ತಾನಾಗಿ ಬಣ್ಣಗಟ್ಟಿದ ರೂಪಾಯಿಗೆ ಸಂಗ್ರಾಹಕರು ಕೈಬಿಚ್ಚಿ ಕೊಡುತ್ತಾರೆ. ಉಜ್ಜಿದ್ದಕ್ಕೆ ಬೆಲೆ ಇಳಿಯುತ್ತದೆ, ಏಕೆಂದರೆ ತಿಕ್ಕಿದಾಗ ಹೋಗುವುದು ಮಸಿ ಒಂದೇ ಅಲ್ಲ. ಅಚ್ಚಿನಿಂದ ಹೊರಬಿದ್ದ ಕ್ಷಣ ಲೋಹದ ಮೈಮೇಲೆ ಮೂಡಿದ ಸೂಕ್ಷ್ಮ ಗೆರೆಗಳೂ ಅಳಿಯುತ್ತವೆ. ಆ ಗೆರೆಗಳಿದ್ದರೆ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದಾಗ ಬೆಳಕು ಗಾಡಿಚಕ್ರದ ಅರಗಳ ಹಾಗೆ ತಿರುಗುತ್ತದೆ. ತಿಕ್ಕಿದ ನಾಣ್ಯದಲ್ಲಿ ಬೆಳಕು ಒಂದೇ ಕಡೆ ಸ್ಟೀಲ್ ಲೋಟದ ಮೇಲೆ ಬಿದ್ದ ಹಾಗೆ ಬಿದ್ದಿರುತ್ತದೆ. ಹೆಂಡತಿಗೆ ಕಳೆ ಅಂದರೆ ಆ ಲೋಟದ ಹೊಳಪು; ರಾಯರಿಗೆ ಆ ಚಕ್ರ. ನಲವತ್ತು ವರ್ಷದ ಸಂಸಾರದಲ್ಲಿ ಇತ್ಯರ್ಥವಾಗದೆ ಉಳಿದಿರುವ ವ್ಯಾಜ್ಯ ಇದೊಂದೇ.

ಬಣ್ಣಕ್ಕೆ ಬೆಲೆ ಬಂದ ಮೇಲೆ ಬಣ್ಣ ಕಟ್ಟುವವರೂ ಹುಟ್ಟಿಕೊಂಡರು. ಬೇಯಿಸಿದ ಮೊಟ್ಟೆಯ ಜೊತೆ ನಾಣ್ಯವನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಮೊಟ್ಟೆಯ ಗಂಧಕ ನೂರು ವರ್ಷದ ಕೆಲಸವನ್ನು ಬೇಗ ಮುಗಿಸುತ್ತದೆ. ರಾಯರು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಆದರೆ ಮೊಟ್ಟೆ ಸೋಕಿದ ರೂಪಾಯಿಯನ್ನು ಮಾರುದೂರದಿಂದಲೇ ಗುರುತಿಸಿ ಮೂಗು ಮುರಿಯುತ್ತಾರೆ.

ಇನ್ನು ದರ್ಜೆಯ ವಿಷಯ. ಇಲ್ಲಿ ಬಳಸುವ ಇಂಗ್ಲಿಷ್ ನಮ್ಮ ನಿಮ್ಮ ಇಂಗ್ಲಿಷ್ ಅಲ್ಲ. ‘ಗುಡ್’ ಅಂದರೆ ರಾಜನ ಮುಖದಲ್ಲಿ ಮೂಗು ಇತ್ತು ಎಂದು ನಂಬಿಕೆಯ ಮೇಲೆ ಹೇಳಬಹುದಾದ ನಾಣ್ಯ. ‘ವೆರಿ ಗುಡ್’ ಅಂದರೆ ಮೂಗಿದೆ, ಕಿವಿ ಅನುಮಾನ. ‘ಫೈನ್’ ಅಂದರೆ ಪರವಾಗಿಲ್ಲ. ‘ವೆರಿ ಫೈನ್’, ‘ಎಕ್ಸ್‌ಟ್ರೀಮ್ಲಿ ಫೈನ್’ ಎಂದು ಮೆಟ್ಟಿಲು ಹತ್ತಿ ‘ಅನ್‌ಸರ್ಕ್ಯುಲೇಟೆಡ್’ ಮುಟ್ಟಿದರೆ, ಅದು ಸಂತೆ ಕಾಣದ, ಸೊಂಟದ ಗಂಟು ಕಾಣದ, ಯಾರ ಕೈಗೂ ಸವೆಯದ ಕನ್ಯಾನಾಣ್ಯ. ಇದಕ್ಕೆಲ್ಲ ಅಂಕಗಳೂ ಇವೆ, 1ರಿಂದ 70ರವರೆಗೆ. ಎಪ್ಪತ್ತಕ್ಕೆ ನಾಲ್ಕು ಬಂದರೆ ‘ಗುಡ್’! ನಮ್ಮ ಎಸ್ಸೆಸ್ಸೆಲ್ಸಿ ಮೇಷ್ಟರಿಗೆ ಈ ಶಾಸ್ತ್ರ ಗೊತ್ತಿದ್ದಿದ್ದರೆ ಎಷ್ಟು ಮನೆಗಳಲ್ಲಿ ಎಷ್ಟು ಬೆತ್ತ ಮುರಿಯದೆ ಉಳಿಯುತ್ತಿತ್ತೋ.

ಈ ಎಪ್ಪತ್ತರ ಲೆಕ್ಕ 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಹಾಕಿದ್ದು, ಅದೂ ಅವರ ದೇಶದ ಹಳೆಯ ತಾಮ್ರದ ಸೆಂಟುಗಳಿಗೆ. ತೀರಾ ಸವೆದದ್ದಕ್ಕೆ ಒಂದು ಡಾಲರಾದರೆ ಹೊಚ್ಚಹೊಸದಕ್ಕೆ ಎಪ್ಪತ್ತು, ಅಷ್ಟೇ ತರ್ಕ. ಬೆಲೆಗಳು ಆ ಲೆಕ್ಕವನ್ನು ಯಾವಾಗಲೋ ಮೀರಿದವು, ಅಂಕ ಮಾತ್ರ ಉಳಿದುಕೊಂಡಿತು. ಶೆಲ್ಡನ್ ವೃತ್ತಿಯಲ್ಲಿ ಮನಶ್ಶಾಸ್ತ್ರಜ್ಞರು. ಮನುಷ್ಯರ ಮೈಕಟ್ಟನ್ನೂ ತೆಳು, ಗಟ್ಟಿ, ದುಂಡು ಎಂದು ವಿಂಗಡಿಸಿ ಸ್ವಭಾವ ಹೇಳಲು ಹೊರಟಿದ್ದವರು. ಅವರು ತೀರಿಕೊಂಡದ್ದು 1977ರಲ್ಲಿ. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ಎತ್ತಿ ಅವುಗಳ ಜಾಗದಲ್ಲಿ ಕೀಳುದರ್ಜೆಯವನ್ನು ಇಟ್ಟವರು ಇವರೇ ಎಂದು ಬಯಲಾದದ್ದು ಅದಾದ ಎಷ್ಟೋ ವರ್ಷಕ್ಕೆ. ಈ ಕಥೆ ಹೇಳುವಾಗ ರಾಯರ ದನಿಯಲ್ಲಿ ಖಂಡನೆ ಇರುತ್ತದೆ. “ಆದರೂ ದರ್ಜೆ ಕಟ್ಟುವುದು ಗೊತ್ತಿತ್ತು ನೋಡಿ ಆಸಾಮಿಗೆ, ಒಂದೂ ಕೆಟ್ಟದನ್ನ ಎತ್ತಲಿಲ್ಲ” ಎಂದೂ ಸೇರಿಸುತ್ತಾರೆ.

ರಾಯರ ಬಳಿಗೆ ಬರುವ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅಜ್ಜಿಯ ಪೆಟ್ಟಿಗೆಯವರು. “ನೂರು ವರ್ಷದ್ದು ಸಾರ್, ಲಕ್ಷ ಬಾಳುತ್ತಂತೆ.” ಕರ್ಚೀಫು ಬಿಚ್ಚಿದರೆ ಐದನೇ ಜಾರ್ಜಿನ 1918ರ ರೂಪಾಯಿ. ರಾಯರ ಮುಖ ಸಪ್ಪಗಾಗುತ್ತದೆ. ಮೊದಲ ಮಹಾಯುದ್ಧದ ಕೊನೆಗೆ ಇಲ್ಲಿ ಬೆಳ್ಳಿಗೆ ಬರಗಾಲ ಬಂದು, ಅಮೆರಿಕ 1918ರಲ್ಲಿ ಪಿಟ್‌ಮನ್ ಕಾಯ್ದೆ ಮಾಡಿಕೊಂಡು ತನ್ನ ಕೋಟಿಗಟ್ಟಲೆ ಬೆಳ್ಳಿ ಡಾಲರುಗಳನ್ನು ಕರಗಿಸಿ ಬ್ರಿಟನ್ನಿಗೆ ಮಾರಿತು. ಆ ಬೆಳ್ಳಿ ಹಡಗು ಹತ್ತಿ ಬಂದು ಇಲ್ಲಿ ರೂಪಾಯಿಯಾಯಿತು. ಮುಂಬಯಿ ಕಲ್ಕತ್ತೆ ಎರಡೂ ಟಂಕಸಾಲೆಗಳು ಆ ಕಾಲದಲ್ಲಿ ಕೋಟಿಗಟ್ಟಲೆ ಉದುರಿಸಿದವು. ಹೀಗಾಗಿ ಚಿನಿವಾರ ಪೇಟೆಯಲ್ಲಿ ಅದಕ್ಕೆ ಹೆಚ್ಚುಕಡಿಮೆ ಬೆಳ್ಳಿಯ ಬೆಲೆಯೇ: ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ, ನೂರಕ್ಕೆ 91.7 ಪಾಲು ಬೆಳ್ಳಿ. ಇಷ್ಟು ಹೇಳಿದರೂ ಬಂದವರು ನಂಬುವುದಿಲ್ಲ. ರಾಯರು ಕಮ್ಮಿಗೆ ಹೊಡೆಯಲು ನೋಡುತ್ತಿದ್ದಾರೆ ಎಂದು ಕರ್ಚೀಫು ಮತ್ತೆ ಕಟ್ಟಿಕೊಂಡು ಹೊರಡುತ್ತಾರೆ.

ಅದೇ ಜಾರ್ಜ್, ಏಳು ವರ್ಷ ಹಿಂದಿನ 1911 ಎಂದರೆ ರಾಯರು ಎದ್ದು ಕೂರುತ್ತಾರೆ. ಆ ವರ್ಷದ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಅಚ್ಚು ಕೊರೆದವರು ಸೊಂಡಿಲಿಗೆ ಜಿಪುಣತನ ತೋರಿಸಿದ್ದರಿಂದ ಆನೆ ಹಂದಿಯ ಹಾಗೆ ಕಂಡು ಗದ್ದಲವಾಯಿತು. ಸುಮಾರು ಏಳು ಲಕ್ಷ ನಾಣ್ಯ ಜನರ ಕೈಸೇರುವಷ್ಟರಲ್ಲಿ ಸರ್ಕಾರ ಎಚ್ಚೆತ್ತು, ಹಂಚದೆ ಉಳಿದದ್ದನ್ನು ಕರಗಿಸಿತು. 1912ರ ಆನೆಗೆ ಸೊಂಡಿಲು ಬೆಳೆಯಿತು. ‘ಹಂದಿ ರೂಪಾಯಿ’ ಕೈಗೆ ಬಂದರೆ ರಾಯರು ದೊರೆಯನ್ನು ನೋಡುವುದೇ ಇಲ್ಲ, ಭೂತಗನ್ನಡಿ ನೇರ ಹಂದಿಗೆ ಹೋಗುತ್ತದೆ. ಅದು ಹಂದಿಯೋ ಆನೆಯೋ ಎಂಬ ಜಗಳ ಮಾಡುವಷ್ಟಾದರೂ ಉಳಿದಿದ್ದರೆ ನಾಣ್ಯ ಒಳ್ಳೆಯದು. ಬರೀ ಗುಬಟು ಉಳಿದಿದ್ದರೆ, ಕ್ಷಮಿಸಿ, ‘ಗುಡ್’.

ಸವಕಲು ಬೇರೆ, ಮೊದಲೇ ಮಂಕಾಗಿ ಅಚ್ಚು ಬಿದ್ದದ್ದು ಬೇರೆ. ಈ ಭೇದದಲ್ಲಿ ರಾಯರು ಗಟ್ಟಿಗರು. ಯಂತ್ರ ಬರುವ ಮುನ್ನ ಬೆಳ್ಳಿಯ ಬಿಲ್ಲೆಯನ್ನು ಅಡಿಯಚ್ಚಿನ ಮೇಲಿಟ್ಟು ಮೇಲಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಮೊಗಲ್ ಮಾದರಿಯ ರೂಪಾಯಿಗಳಲ್ಲಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಅರ್ಧ ಅಕ್ಷರ ಗಾಳಿಗೆ ಹೋಗುತ್ತಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ರೂಪಾಯಿಯ ಮೇಲೂ ಇರುವುದು ದೆಹಲಿಯ ಷಾ ಆಲಂ ಹೆಸರೇ. ಅದರಲ್ಲಿ ಟಂಕಸಾಲೆಯ ಹೆಸರೂ ಇಸವಿಯೂ ಬಿಲ್ಲೆಯೊಳಗೇ ಬಿದ್ದಿದ್ದರೆ ಸ್ವಲ್ಪ ಸವೆದಿದ್ದರೂ ರಾಯರಿಗೆ ಅದೇ ಇಷ್ಟ. ಸಾಲದ್ದಕ್ಕೆ ಆ ಕಾಲದ ಚಿನಿವಾರರು ಬೆಳ್ಳಿ ಶುದ್ಧವೋ ಎಂದು ಪರೀಕ್ಷಿಸಿ ನಾಣ್ಯದ ಮೈಮೇಲೆ ಚುಚ್ಚಿದ ಮುದ್ರೆಗಳು ಬೇರೆ. ಕೆಲವರು ಅವನ್ನು ಗಾಯ ಅನ್ನುತ್ತಾರೆ. ರಾಯರು ಮಾತ್ರ “ಅದು ಸರ್ಟಿಫಿಕೇಟು” ಅನ್ನುತ್ತಾರೆ, ಅಂಥ ನಾಣ್ಯ ತಮ್ಮದಾಗಿದ್ದರೆ. ಎದುರಿನವನದಾಗಿದ್ದರೆ ಅವರಿಗೂ ಗಾಯವೇ.

ಟಿಪ್ಪುವಿನ ಬೆಳ್ಳಿ ಬಂದರೆ ಕೋಣೆಯ ಬಾಗಿಲು ಮುಚ್ಚುತ್ತಾರೆ. ಹೈದರಿ ಅಂದರೆ ಎರಡು ರೂಪಾಯಿಯ ದೊಡ್ಡ ಬಿಲ್ಲೆ, ಇಮಾಮಿ ಅಂದರೆ ಒಂದು. ಅಬಿದಿ, ಬಾಕಿರಿ, ಜಾಫರಿ, ಕಾಜಿಮಿ, ಖಿಜ್ರಿ ಎಂದು ಅರ್ಧರ್ಧ ಇಳಿಯುತ್ತ ರೂಪಾಯಿಯ ಮೂವತ್ತೆರಡನೇ ಒಂದು ಪಾಲಿಗೆ ಬರುತ್ತದೆ. ಪಟ್ಟಣ ಎಂದಿದ್ದರೆ ಶ್ರೀರಂಗಪಟ್ಟಣ, ನಗರ ಎಂದಿದ್ದರೆ ಬಿದನೂರು. ಟಿಪ್ಪು ತಂದ ಮೌಲೂದಿ ಶಕೆಯ ಇಸವಿಯನ್ನು ಬಲದಿಂದ ಎಡಕ್ಕೆ ಓದಬೇಕು. 1216 ಎಂಬುದು 6121 ಎಂದು ಕಾಣುತ್ತದೆ. “ಸಾರ್, ಇದು ಆರು ಸಾವಿರದ ನೂರ ಇಪ್ಪತ್ತೊಂದನೇ ಇಸವಿದು” ಎಂದು ಗಂಭೀರವಾಗಿ ಹೇಳಿದ ಮಾರಾಟಗಾರನಿಗೆ ರಾಯರು ಅಷ್ಟೇ ಗಂಭೀರವಾಗಿ, “ಹಾಗಾದರೆ ನಾಲ್ಕು ಸಾವಿರ ವರ್ಷ ಬಿಟ್ಟು ಬನ್ನಿ” ಅಂದರಂತೆ. ಹೆಂಡರ್ಸನ್ 1921ರಲ್ಲಿ ಹೈದರ್–ಟಿಪ್ಪು ನಾಣ್ಯಗಳ ಬಗ್ಗೆ ಬರೆದ ಪುಸ್ತಕದ ನಕಲು ಅವರ ದೇವರ ಮನೆಯ ಪಕ್ಕದ ಕಪಾಟಿನಲ್ಲಿದೆ. ಮಡಿ ಹೆಂಗಸರಿಗೂ ಅದನ್ನು ಮುಟ್ಟುವ ಹಕ್ಕಿಲ್ಲ.

ಖೋಟಾ ಹಿಡಿಯುವುದರಲ್ಲಿ ಅವರದು ಪೊಲೀಸರ ಉತ್ಸಾಹ. ಹಿಂದಿನವರು ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು ‘ಠಣ್’ ಕೇಳುತ್ತಿದ್ದರು. ರಾಯರ ಮುಂದೆ ಯಾರಾದರೂ ಹಾಗೆ ಮಾಡಿದರೆ ಅಂಚಿಗೆ ಪೆಟ್ಟಾಯಿತೆಂದು ಅವರ ಎದೆಯೇ ಠಣ್ ಅನ್ನುತ್ತದೆ. ಅವರದು ಎಲೆಕ್ಟ್ರಾನಿಕ್ ತಕ್ಕಡಿ. ಎರಕ ಹುಯ್ದ ಖೋಟಾ ಎಷ್ಟೋ ಸಲ ತೂಕದಲ್ಲೇ ಸಿಕ್ಕಿಬೀಳುತ್ತದೆ. ಇಲ್ಲವಾದರೆ ಅಂಚಿನಲ್ಲಿ ಕೂಡುಗೆರೆ ಕಾಣುತ್ತದೆ, ಮೈಯಲ್ಲಿ ಇಡ್ಲಿಯ ಹಾಗೆ ಸಣ್ಣ ಸಣ್ಣ ತೂತು. ಸರಕ್ಕೆ ಪೋಣಿಸಲು ಬೆಸೆದಿದ್ದ ಕೊಂಡಿಯನ್ನು ಕಿತ್ತು ಅರದಿಂದ ಉಜ್ಜಿ ನಯ ಮಾಡಿದ್ದರೂ ಹನ್ನೆರಡು ಗಂಟೆಯ ಜಾಗದಲ್ಲಿ ಅಂಚಿನ ಗೀರು ಮಾಯವಾಗಿ ಗುಟ್ಟು ಬಿಟ್ಟುಕೊಡುತ್ತದೆ. ಇವು ಯಾವುದನ್ನೂ ನೋಡಬೇಕಾಗದ ಪೈಕಿಯೂ ಒಂದಿದೆ: ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ, ಆಂಜನೇಯನೋ ರಾಮಸೀತೆಯರೋ ಇರುವ ಬಿಲ್ಲೆ. ಕಂಪನಿ ಅಂಥದ್ದನ್ನು ಹೊರಡಿಸಿಯೇ ಇಲ್ಲ. ಅದು ಅಕ್ಕಿ ಎಳೆಯುತ್ತದೆ, ಕೋಟಿ ಬಾಳುತ್ತದೆ ಎಂದು ಫೋನು ಮಾಡುವವರಿಗೆ ರಾಯರದು ಸಿದ್ಧ ಉತ್ತರ: “ಅಕ್ಕಿ ಎಳೆಯುತ್ತೋ ಇಲ್ಲವೋ, ಪೊಲೀಸರನ್ನಂತೂ ಎಳೆಯುತ್ತೆ.” ಹೊಲದಲ್ಲಿ ಕುಡಿಕೆ ಸಿಕ್ಕಿದೆ ಅಂದರೆ ಮಾತ್ರ ತಮಾಷೆ ನಿಲ್ಲುತ್ತದೆ. ಕಾಯ್ದೆಯಂತೆ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ಹೇಳಿ ಫೋನು ಇಟ್ಟು, ಆಮೇಲೆ ಒಂದು ಗಂಟೆ, ಆ ಕುಡಿಕೆಯಲ್ಲಿ ಏನಿದ್ದಿರಬಹುದು ಎಂದು ಸಂಕಟಪಡುತ್ತಾರೆ.

ಇಷ್ಟು ವರ್ಷ ಬೆಳ್ಳಿಯನ್ನು ನೋಡಿದ ಕಣ್ಣು ಮನುಷ್ಯರ ಮೇಲೂ ಹಾಗೇ ಬೀಳುತ್ತದೆ. ತಂಗಿಯ ಮಗಳಿಗೆ ಗಂಡು ನೋಡಲು ಹೋಗಿದ್ದರು. ಹುಡುಗ ಸ್ಫುರದ್ರೂಪಿ, ತಲೆ ಕಾಗೆಗಪ್ಪು. ವಾಪಸು ಬರುವಾಗ ಆಟೋದಲ್ಲಿ ಎಲ್ಲರೂ ಅಭಿಪ್ರಾಯ ಕೇಳಿದರು. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ವೆರಿ ಫೈನ್. ಆದರೆ ತೊಳೆದಿದ್ದಾರೆ” ಅಂದರು. ಸಂಬಂಧ ಕೂಡಲಿಲ್ಲ. ಹುಡುಗನಿಗೆ ನಲವತ್ತೊಂದು ಎಂದು ಆಮೇಲೆ ತಿಳಿಯಿತು.

ಈ ಸಲದ ಹಬ್ಬದ ಬೆಳಿಗ್ಗೆ ಕಲಶಕ್ಕೆ ಹಾಕಲು ಬೆಳ್ಳಿ ರೂಪಾಯಿ ಬೇಕಾಯಿತು. ರಾಯರು ಜನಿವಾರ ಮುಟ್ಟಿ ನೋಡಿಕೊಂಡು, “ಐದು ರೂಪಾಯಿ ಕಾಯಿನ್ ಹಾಕೇ, ಲಕ್ಷ್ಮಿಗೆ ಎಲ್ಲಾ ಒಂದೇ” ಅಂದರು. ಹೆಂಡತಿ ಮಾತಾಡಲಿಲ್ಲ. ಟ್ರಂಕಿನ ತಳದಿಂದ ಒಂದು ಪುಟ್ಟ ಗಂಟು ತೆಗೆದರು. ಮದುವೆಯಾಗಿ ಹೊರಟಾಗ ತಾಯಿ ಮಡಿಲಕ್ಕಿಯ ಜೊತೆ ಕಟ್ಟಿದ್ದ ರೂಪಾಯಿ. ನಲವತ್ತು ವರ್ಷದಿಂದ ಪ್ರತಿ ಶ್ರಾವಣದಲ್ಲಿ ಒಂದು ದಿನ ಕಲಶದ ಅಕ್ಕಿಯಲ್ಲಿ ಕೂತು ಮತ್ತೆ ಗಂಟು ಸೇರುತ್ತಿತ್ತು. ರಾಯರು ಅದನ್ನು ಇವತ್ತಿನ ತನಕ ಸರಿಯಾಗಿ ನೋಡಿರಲಿಲ್ಲ, ಮನೆಯ ರೂಪಾಯಿಯಲ್ಲವೇ.

ಕೈಗೆ ತೆಗೆದುಕೊಂಡರು. ಐದನೇ ಜಾರ್ಜ್, 1918. ಹಿಂಭಾಗದಲ್ಲಿ ಕೆಳಗಿನ ತಾವರೆಯ ಬಳಿ ಸಾಸಿವೆಗಿಂತ ಸಣ್ಣ ಚುಕ್ಕಿ, ಅಂದರೆ ಮುಂಬಯಿ. ಕೋಟಿಗಟ್ಟಲೆಯಲ್ಲಿ ಒಂದು. ಆದರೆ ಕಿರೀಟದ ಒಂದೊಂದು ಮಣಿಯೂ ಎಣಿಸುವ ಹಾಗಿತ್ತು. ಆನೆಯ ಸೊಂಡಿಲು ಸ್ಪಷ್ಟ. ಅಂಚಿನಲ್ಲಿ ಹಳೇ ಅರಿಸಿನದ ಹಳದಿ, ಅದರೊಳಗೆ ನೇರಳೆ, ನಡುವೆ ನೀಲಿ. ಕಿಟಕಿಯ ಬಿಸಿಲಿಗೆ ಓರೆ ಮಾಡಿದರು. ಚಕ್ರ ತಿರುಗಿತು.

“ಇದನ್ನ ಒಂದು ಸಲವೂ ತೊಳೆದೇ ಇಲ್ಲವಲ್ಲೇ!”

“ಅಮ್ಮನ ಕೈ ಅರಿಸಿನ ಅದು. ಯಾರಾದ್ರೂ ತೊಳೀತಾರಾ?”

ರಾಯರು ಉಗುಳು ನುಂಗಿದರು. ಬೀರುವಿನಲ್ಲಿರುವ ಯಾವ ಐದನ್ನಾದರೂ ಆರಿಸಿಕೋ, ಇದೊಂದನ್ನು ಕೊಡು ಎಂದು ಬಾಯಿ ತೆರೆಯುವಷ್ಟರಲ್ಲಿ ಆಕೆ ಕೈ ಚಾಚಿದರು.

“ಕೊಡಿ ಇಲ್ಲಿ, ರಾಹುಕಾಲ ಬಂತು. ಮತ್ತೆ ಅದೇನು ಹಿಡಿಯೋ ರೀತಿ ರೀ? ಮುಖಕ್ಕೆಲ್ಲ ಬೆರಳು ತಾಗ್ತಿದೆ. ಅಂಚು ಹಿಡ್ಕೊಳ್ಳಿ.”