ಅಕ್ಕನ ಕಿಡ್ನಿ, ಅಂಬಿಗನ ಹರಗೋಲು

ಮಕ್ತಲದಂಥ ಊರಲ್ಲಿದ್ದುಕೊಂಡು ಸಮುದ್ರದಲ್ಲಿ ಕಯಾಕ್ ನಡೆಸುವ ಆಸೆಯನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಚಹಾದಂಗಡಿಗೆ ವಾರಕ್ಕಾಗುವಷ್ಟು ಸರಕು. "ಬ್ಯಾಸಿಗ್ಯಾಗ ಕೆರಿ ಒಣಗ್ತದ, ಇವನಿಗೆ ಸಮುದ್ರ ಬೇಕಂತ!" ಅದೂ ಕಿಡ್ನಿ ಕಸಿ ಮಾಡಿಸಿಕೊಂಡು, ಅದರ ಬೆನ್ನಿಗೇ ಸಕ್ಕರೆ ಕಾಯಿಲೆಯನ್ನೂ ಹಚ್ಚಿಕೊಂಡವನ ಬಾಯಿಂದ ಈ ಮಾತು ಬಂದರೆ ಜನ ನಗುವುದನ್ನೂ ಬಿಟ್ಟು ಕನಿಕರದಿಂದ ನೋಡತೊಡಗುತ್ತಾರೆ. ನಕ್ಕಿದ್ದರೇ ವಾಸಿಯಿತ್ತು.

ನನ್ನ ಕಡೆಗೂ ಒಂದು ನ್ಯಾಯವಿದೆ. ಡಯಾಲಿಸಿಸ್ಸಿನ ಕಾಲದಲ್ಲಿ ನೀರನ್ನು ಲೋಟದಲ್ಲಿ ಅಳೆದು ಕುಡಿದವನು ನಾನು. ಮಾತ್ರೆ ನುಂಗಿದ ಗುಟುಕೂ ಲೆಕ್ಕಕ್ಕೆ ಬರುತ್ತಿತ್ತು; ಸಾರು, ಮಜ್ಜಿಗೆ, ಕಲ್ಲಂಗಡಿ ಎಲ್ಲ ನೀರಿನ ಖಾತೆಗೇ ಜಮೆ. ಮೇ ತಿಂಗಳ ಬಿಸಿಲಲ್ಲಿ ಐಸ್ ತುಂಡೊಂದನ್ನು ಚೀಪುತ್ತ ಮಲಗಿದವನ ಕನಸಿಗೆ ಕೃಷ್ಣೆಯಲ್ಲದೆ ಮತ್ತ್ಯಾರು ಬರಬೇಕು? ತಂಗಡಿಯ ಹತ್ತಿರ ಭೀಮೆಯನ್ನು ಕೂಡಿಸಿಕೊಂಡು ನಮ್ಮ ಸೀಮೆಗೆ ಬರುವ ಈ ನದಿ, ಗದ್ವಾಲದ ಕಡೆ ಜುರಾಲ ಅಣೆಕಟ್ಟು ದಾಟಿ, ಶ್ರೀಶೈಲ, ನಾಗಾರ್ಜುನಸಾಗರಗಳನ್ನೂ ದಾಟಿ, ಹಂಸಲದೀವಿಯಲ್ಲಿ ಸಮುದ್ರ ಸೇರುತ್ತದೆ. ಅಷ್ಟೊಂದು ಗೇಟು ದಾಟಿ ನೀರೇ ಹೋಗುವಾಗ ನಾನು ಹೋಗಬಾರದೇ ಎಂಬುದು ನನ್ನ ವಾದ.

ಆದರೆ ತಾಲೀಮಿಗೆ ಇಲ್ಲಿ ಕಯಾಕ್ ಎಲ್ಲಿಂದ ತರುವುದು? ಅದು ಉದ್ದಕ್ಕೆ ಚೂಪಾಗಿ ನೀರು ಸೀಳಿಕೊಂಡು ಹೋಗುವಂಥದ್ದು. ನಮ್ಮಲ್ಲಿರುವುದು ದುಂಡನೆಯ ಹರಗೋಲು; ತೆಲುಗಿನವರ ಪುಟ್ಟಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚರ್ಮ ಹೊದಿಸಿದ ಈ ಬುಟ್ಟಿದೋಣಿ ನೆಟ್ಟಗೆ ಹೋಗದೆ ಗಿರಗಿರನೆ ತಿರುಗುತ್ತಲೇ ಸಾಗುತ್ತದೆಂದು ಬರೆದಿಟ್ಟಿದ್ದಾನೆ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿದೆ, ತಿರುಗುವ ಚಾಳಿ ಮಾತ್ರ ಹಾಗೇ ಇದೆ. ಪಂಚದೇವ ಪಹಾಡದ ದಂಡೆಯಿಂದ ಶ್ರೀಪಾದ ಶ್ರೀವಲ್ಲಭರ ಕುರುಗಡ್ಡಿಗೆ ಭಕ್ತರನ್ನು ದಾಟಿಸುವ ಅಂಬಿಗ ಅಜ್ಜನೊಬ್ಬ ನನಗೆ ಗುರುವಾಗಿ ಸಿಕ್ಕ. "ರಟ್ಟಿ ಜೋರು ಬ್ಯಾಡೋ ತಮ್ಮಾ, ಟೊಂಕ ತಿರುಗಿಸು" ಎಂಬುದು ಮೊದಲ ಪಾಠ. ಕಯಾಕಿನವರು ಹೇಳಿಕೊಡುವುದೂ ಇದನ್ನೇ, ಫೀಸು ಬೇರೆ ತಗೊಂಡು.

ಟೊಂಕ ತಿರುಗಿಸುವಲ್ಲೇ ನನ್ನ ತೊಡಕು. ಕಸಿ ಮಾಡಿದ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ. ಹಳೆಯ ಎರಡೂ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಹೊಸದು ಕಿಬ್ಬೊಟ್ಟೆಯಲ್ಲಿ, ಪಕ್ಕೆಲುಬಿನ ಆಸರೆಯಿಲ್ಲದೆ, ಚರ್ಮಕ್ಕೆ ಹತ್ತಿರದಲ್ಲೇ ಕೂತಿರುತ್ತದೆ. ಹರಗೋಲಿನ ಅಂಚು ಹೊಟ್ಟೆಯ ಕಡೆ ಬಂದಾಗಲೆಲ್ಲ ನನ್ನ ಕೈ ಹುಟ್ಟು ಬಿಟ್ಟು ಅಲ್ಲಿಗೆ ಓಡುತ್ತದೆ. ಹುಟ್ಟು ಬಿಟ್ಟ ಕೂಡಲೇ ಹರಗೋಲು ಪಾಯೆಸನ ಮಾತು ನಿಜಮಾಡುತ್ತದೆ.

ಇನ್ನು ಸಕ್ಕರೆ. ಕಸಿಯಾದವರು ಹನ್ನೆರಡು ತಾಸಿಗೊಮ್ಮೆ ನುಂಗುವ ಟ್ಯಾಕ್ರೊಲಿಮಸ್ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದದ್ದು. ಪರರ ಕಿಡ್ನಿಯನ್ನು ಮೈ ಹೊರದಬ್ಬದಂತೆ ಅದು ಕಾಯುತ್ತದೆ. ಜೊತೆಗೆ ಮೇದೋಜೀರಕದ ಇನ್ಸುಲಿನ್ನನ್ನೂ ಕುಗ್ಗಿಸುತ್ತದೆ. ಬೆಳಿಗ್ಗೆ ನುಂಗಿದ ಸ್ಟೆರಾಯ್ಡ್ ಮಧ್ಯಾಹ್ನದ ಹೊತ್ತಿಗೆ ಸಕ್ಕರೆಯನ್ನು ಏರಿಸುತ್ತದೆ. ಏರಿದ ಸಕ್ಕರೆ ಮತ್ತೆ ಕಿಡ್ನಿಯ ಮೇಲೇ ಕಣ್ಣು ಹಾಕುತ್ತದೆ. ಹುಟ್ಟು ಹಾಕಿದರೆ ಇಳಿಯುತ್ತದೆ, ಕೆಲವೊಮ್ಮೆ ಇಳಿಯಬೇಕಾದ್ದಕ್ಕಿಂತ ಕೆಳಗೆ. ಅದೂ ದಂಡೆಯಲ್ಲಲ್ಲ, ನಡುನೀರಿನಲ್ಲಿ.

ಕೈ ನಡುಗಿತು ಅನ್ನಿ. ಸಕ್ಕರೆ ಕುಸಿದರೂ ಕೈ ನಡುಗುತ್ತದೆ, ಟ್ಯಾಕ್ರೊಲಿಮಸ್ಸಿಗೂ ನಡುಗುತ್ತದೆ, ಹುಟ್ಟು ಹಾಕಿ ದಣಿದರೂ ನಡುಗುತ್ತದೆ, ಹೊಳೆಯ ನಡುವೆ ಆಳ ಎಷ್ಟೆಂದು ಅಜ್ಜನನ್ನು ಕೇಳಿದರಂತೂ ನಡುಗಿಯೇ ನಡುಗುತ್ತದೆ. ಬೆರಳು ಚುಚ್ಚಿ ನೋಡೋಣವೆಂದರೆ ಬೆರಳಿಗೆ ಪ್ರಸಾದದ ಸಕ್ಕರೆ ಮೆತ್ತಿಕೊಂಡಿರುತ್ತದೆ. ಆ ಬೆರಳಿಗೇ ಚುಚ್ಚಿದರೆ ಮಷಿನ್ ಇಲ್ಲದ ಸಕ್ಕರೆಯನ್ನೂ ತೋರಿಸುತ್ತದೆ. ಕೈ ತೊಳೆದು, ಒರೆಸಿ, ಚುಚ್ಚಿ, 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಬಾಯಿಗೆ ಹಾಕಿಕೊಂಡು 15 ನಿಮಿಷ ಸುಮ್ಮನಿರಬೇಕು. ನಾನು ಶೇಂಗಾ ಚಿಕ್ಕಿ ಕಟ್ಟಿಕೊಂಡು ಹೋಗುತ್ತಿದ್ದೆ. ಶೇಂಗಾದ ಎಣ್ಣೆಯಂಶ ಸಕ್ಕರೆಯನ್ನು ತಡಮಾಡುತ್ತದೆ, ಪುಡಿ ಗ್ಲೂಕೋಸೇ ಬೇಕು ಎಂದರು ಡಾಕ್ಟರು. ಚಿಕ್ಕಿ ಈಗ ಅಜ್ಜನ ಪಾಲು.

ಅಜ್ಜ ಬೊಗಸೆಯಲ್ಲಿ ಹೊಳೆಯ ನೀರು ಮೊಗೆದು ತೀರ್ಥವೆಂದು ಕುಡಿಯುತ್ತಾನೆ. ನಾನು ಮನೆಯಲ್ಲಿ ಕಾಯಿಸಿ ಆರಿಸಿದ ನೀರನ್ನು ಬಾಟಲಿಯಿಂದ ಕುಡಿಯುತ್ತೇನೆ. ರೋಗನಿರೋಧಕ ಶಕ್ತಿಯನ್ನು ಮಾತ್ರೆ ನುಂಗಿ ತಗ್ಗಿಸಿಕೊಂಡವನಿಗೆ ಕೃಷ್ಣೆಯ ಒಂದು ಗುಟುಕೂ ಅಪಾಯ. ಕನಸಿಗೆ ಬಂದ ನದಿ ಕೈಗೆ ಸಿಕ್ಕಿತು, ಬಾಯಿಗೆ ಸಿಗಲಿಲ್ಲ.

ಲೈಫ್ ಜಾಕೆಟ್ ಇರಲಿ, ಒಬ್ಬರೇ ಹೋಗಬೇಡಿ ಎಂದು ಡಾಕ್ಟರು ಒಪ್ಪಿದ್ದಾಯಿತು. ಒಪ್ಪದವಳು ಅಕ್ಕ. ಗದ್ವಾಲದ ಸೊಸೆ, ಕಿಡ್ನಿ ಅವಳದು. ಫೋನಿನಲ್ಲಿ ನನ್ನ ಕ್ಷೇಮ ಎರಡನೆಯದು. "ನನ್ನ ಕಿಡ್ನಿ ಹೆಂಗದ?" 1978ರಲ್ಲೇ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಕಸಿಯಾದವರದೇ ಕ್ರೀಡಾಕೂಟ ಶುರುವಾಯಿತು, ಅಲ್ಲಿ ಓಡುತ್ತಾರೆ, ಈಜುತ್ತಾರೆ ಎಂದು ವಾದಿಸಿದೆ. "ಓಡು, ಯಾರು ಬ್ಯಾಡಂದ್ರು? ನನ್ನ ಕಿಡ್ನಿ ತಗೊಂಡು ನೀರಾಗ ಯಾಕ ಇಳೀತಿ?"

ಕಿಡ್ನಿಗೆ ಪ್ರತಿಯಾಗಿ ಏನು ಕೊಡಬಹುದು? ನಾರಾಯಣಪೇಟೆ ಸೀರೆ ಒಯ್ದರೆ, ಗದ್ವಾಲದವಳಿಗೆ ಪೇಟೆ ಸೀರೆ ತಂದನೆಂದು ಮೂಗು ಮುರಿದಳು. ಉಟ್ಟಿದ್ದ ಗದ್ವಾಲ ಸೀರೆಯನ್ನೇ ಮುಂದೆ ಮಾಡಿ ತೋರಿಸಿದಳು: ಒಡಲು ಹತ್ತಿ, ಅಂಚು ರೇಷ್ಮೆ, ಎರಡೂ ಸೇರುವ ಕಡೆ ಮಗ್ಗದ ಮೇಲೇ ಎಳೆಗೆ ಎಳೆ ಕೊಂಡಿ ಹಾಕಿರುತ್ತಾರೆ. ಉಗುರಿನಿಂದ ಆ ಗೆರೆ ಗೀರಿ, "ಇಷ್ಟು ಗಟ್ಟಿ ಹತ್ತ್ಯದೇನು ನಿಂಗ?" ಎಂದಳು. ಹತ್ತಿದೆ ಎಂದೆ. ನಂಬಲಿಲ್ಲ, ಕ್ರಿಯಾಟಿನಿನ್ ರಿಪೋರ್ಟ್ ಕೇಳಿ ಪಡೆದು, ಕನ್ನಡಕ ಹಾಕಿಕೊಂಡು ಓದಿದಳು.

ಕಡೆಗೆ ಒಪ್ಪಿದಳು, ತಾನೂ ಹರಗೋಲಿನಲ್ಲಿ ಕೂರುತ್ತೇನೆಂಬ ಕರಾರಿನ ಮೇಲೆ. ಅವಳ ಅಳತೆಯ ಲೈಫ್ ಜಾಕೆಟ್ ಹುಡುಕುತ್ತಿದ್ದೇನೆ. ನಿನ್ನೆ ಮತ್ತೆ ಫೋನು: ಸುಮ್ಮನೆ ಕೂರುವುದಕ್ಕಲ್ಲ ತಾನು ಬರುವುದು, ತನಗೂ ಒಂದು ಹುಟ್ಟು ಬೇಕಂತೆ.