ಭ್ರೂಕ್ಷಯ ಮೀಮಾಂಸೆ, ಅಥವಾ ವಯಸ್ಸಾದವರು ಅಷ್ಟೊಂದು ಮಾತಾಡುವುದೇಕೆ

ಶಾಸ್ತ್ರಗ್ರಂಥಕ್ಕೆ ಕೈ ಹಾಕುವವನು ಮೊದಲೇ ನಾಲ್ಕು ಸಂಗತಿ ಹೇಳಿಬಿಡಬೇಕು ಎಂಬುದು ಪೂರ್ವಸೂರಿಗಳ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಗ್ರಂಥದ ವಿಷಯ, ವಯಸ್ಸಾದಂತೆ ಹುಬ್ಬು ತೆಳ್ಳಗಾಗುವುದು. ಪ್ರಯೋಜನ ಓದುವವರಿಗೆ ಅಂಥದ್ದೇನಿಲ್ಲ, ಬರೆದವನಿಗೆ ಒಂದಿಷ್ಟು ಸಮಾಧಾನ. ಸಂಬಂಧ, ಹುಬ್ಬಿಗೂ ನಾಲಿಗೆಗೂ ಇರುವಂಥದ್ದು. ಅದನ್ನು ಮುಂದೆ ಸಾಧಿಸಲಾಗುವುದು. ಅಧಿಕಾರಿ ಯಾರೆಂದರೆ, ಕನ್ನಡಿಯ ಮುಂದೆ ನಿಂತು ತನ್ನ ಹುಬ್ಬು ಎಲ್ಲಿ ಮುಗಿಯಿತು, ಕಣತಲೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ಹುಡುಕಿದ ಯಾರೇ ಆಗಲಿ. ನಲವತ್ತು ದಾಟದವರು ಸದ್ಯಕ್ಕೆ ಅನಧಿಕಾರಿಗಳು. ಅವರು ಮುಂದಿನ ಪುಟದ ಧಾರಾವಾಹಿಗೆ ಹೋಗಬಹುದು, ಆದರೆ ಈ ಪುಟವನ್ನು ಕತ್ತರಿಸಿ ಎಲ್ಲಾದರೂ ಇಟ್ಟುಕೊಂಡಿರುವುದು ಕ್ಷೇಮ.

ಕೂದಲಿನ ವಿಚಾರದಲ್ಲಿ ಲೋಕ ಮೊದಲಿನಿಂದಲೂ ಪಕ್ಷಪಾತಿ. ತಲೆ ಬೋಳಾದವನಿಗೆ ಪೇಟವಿದೆ, ಟೋಪಿಯಿದೆ, ವಿಗ್ಗಿದೆ, ಹಾಸ್ಯೋತ್ಸವದ ವೇದಿಕೆಯಲ್ಲಿ ಅರ್ಧ ಗಂಟೆ ಜಾಗವಿದೆ. ಹುಬ್ಬು ಹೋದವನ ಕಡೆಗೆ ಒಬ್ಬನೂ ತಿರುಗಿ ನೋಡುವುದಿಲ್ಲ. ಅದು ಹೋಗುವ ರೀತಿಯೂ ಹಾಗೆಯೇ, ದಿಂಬಿನ ಮೇಲೆ ಗುರುತು ಬಿಡದೆ, ಬಾಚಣಿಗೆಗೆ ಸಿಗದೆ ಹೋಗುತ್ತದೆ. ಕ್ಷಯದ ಮೊದಲ ಲಕ್ಷಣ ಗೋಚರವಾಗುವುದು ಕನ್ನಡಿಯಲ್ಲಲ್ಲ, ಸಲೂನಿನಲ್ಲಿ. "ಸಾರ್, ಹುಬ್ಬು ಸ್ವಲ್ಪ ಟ್ರಿಮ್ ಮಾಡ್ಲಾ?" ಎಂದು ಪ್ರತಿಸಲವೂ ಕೇಳುತ್ತಿದ್ದವನು ಒಂದು ಸಲ ಕೇಳದೆ, ಕತ್ತರಿ ಕೆಳಗಿಟ್ಟು, ಬಟ್ಟೆ ಕೊಡವಿಬಿಡುತ್ತಾನೆ. ಅವನ ಆ ಮೌನವೇ ಈ ಶಾಸ್ತ್ರದ ಮೂಲಸೂತ್ರ.

ಇನ್ನು ಹುಬ್ಬಿನ ಸ್ವರೂಪ. ಹಣೆಯ ಬೆವರು, ಮಳೆಯ ನೀರು ನೇರ ಕಣ್ಣಿಗಿಳಿಯದಂತೆ ಪಕ್ಕಕ್ಕೆ ಹರಿಸುವ ಸೂರು ಅದು. ತಲೆಯ ಕೂದಲು ಒಂದೊಂದೂ ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ. ಹುಬ್ಬಿನದು ಒಂದೆರಡು ತಿಂಗಳು ಬೆಳೆದು ನಿಲ್ಲುತ್ತದೆ, ಕೆಲಕಾಲ ಸುಮ್ಮನಿದ್ದು ಉದುರುತ್ತದೆ, ಮತ್ತೊಂದು ಹುಟ್ಟುತ್ತದೆ. ಮನುಷ್ಯರು ಹುಬ್ಬಿಗೆ ಜಡೆ ಹೆಣೆದುಕೊಂಡು ಓಡಾಡಬೇಕಾಗಿ ಬಾರದಿರುವುದು ಈ ಸಂಯಮದಿಂದ. ವಯಸ್ಸಾದಂತೆ ಕೂದಲಿನ ಬುಡ ಕುಗ್ಗುತ್ತದೆ, ಬೆಳೆಯುವ ಅವಧಿ ಇನ್ನೂ ಮೊಟಕಾಗುತ್ತದೆ, ಹುಟ್ಟಿದ್ದೂ ಸಣ್ಣಗೆ, ಬೆಳ್ಳಗೆ, ಇದ್ದೂ ಇಲ್ಲದಂತೆ ಇರುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ಇಳಿಯುವುದೂ ಇದಕ್ಕೆ ಕೈಜೋಡಿಸುತ್ತದೆ. ಯೌವನದಲ್ಲಿ ಪಾರ್ಲರಿನ ಕುರ್ಚಿಯಲ್ಲಿ ಒರಗಿ, ಹುಬ್ಬಿನ ಚರ್ಮವನ್ನು ತಾವೇ ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ದಾರದಲ್ಲಿ ಕೀಳಿಸಿಕೊಂಡ ಕೂದಲಿನ ಲೆಕ್ಕ ಬೇರೆ. ವರ್ಷಾನುಗಟ್ಟಲೆ ಕಿತ್ತ ಬುಡ ಕೊನೆಗೆ ಮುನಿಸಿಕೊಂಡು ಬೆಳೆಯುವುದನ್ನೇ ಬಿಡುವುದುಂಟು. ದುಡ್ಡು ಕೊಟ್ಟು ಕೀಳಿಸಿದ್ದನ್ನೇ ಮುಂದೆ ದುಡ್ಡು ಕೊಟ್ಟು ಬರೆಸಿಕೊಳ್ಳುವ ಈ ಪದ್ಧತಿಯನ್ನು ಅರ್ಥಶಾಸ್ತ್ರಜ್ಞರು ಯಾಕೆ ಗಮನಿಸಿಲ್ಲವೋ ತಿಳಿಯದು.

ಈಗ ಸಿದ್ಧಾಂತ. ಮನುಷ್ಯನ ಹುಬ್ಬೂ ಮಾತೂ ವಿಲೋಮಾನುಪಾತದಲ್ಲಿರುತ್ತವೆ. ಹುಬ್ಬು ಕಡಿಮೆಯಾದಷ್ಟೂ ಮಾತು ಹೆಚ್ಚುತ್ತದೆ. ವಯಸ್ಸಾದವರು ಹೇಳಿದ್ದನ್ನೇ ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕದವರನ್ನು ಬಿಡುವುದಿಲ್ಲ, ಫೋನು ಇಡುವುದಿಲ್ಲ ಎಂದು ಕಿರಿಯರು ದೂರುತ್ತಾರಲ್ಲ, ಅದಕ್ಕೆ ಕಾರಣ ಒಂಟಿತನವೂ ಅಲ್ಲ, ಮರೆವೂ ಅಲ್ಲ, ಹುಬ್ಬಿನ ಅಭಾವ. ಒಂದು ಕೂದಲಿನ ಸಾಲು ಮಾಡುತ್ತಿದ್ದ ಕೆಲಸವನ್ನು ನಾಲಿಗೆ ಒಂದೇ ಹೊತ್ತು ತಿರುಗಬೇಕಾಗಿ ಬಂದಿದೆ.

ಮೊದಲನೆಯ ಪ್ರಮಾಣ ಭರತಮುನಿ. ನಾಟ್ಯಶಾಸ್ತ್ರದಲ್ಲಿ ಹುಬ್ಬಿಗೆ ಏಳು ಕರ್ಮಗಳು: ಉತ್ಕ್ಷೇಪ, ಪಾತನ, ಭ್ರುಕುಟಿ, ಚತುರ, ಕುಂಚಿತ, ರೇಚಿತ, ಸಹಜ. ಏರಿಸುವುದು, ಇಳಿಸುವುದು, ಗಂಟಿಕ್ಕುವುದು, ಲಲಿತವಾಗಿ ಆಡಿಸುವುದು, ತುಸು ಬಾಗಿಸುವುದು, ಒಂದನ್ನೇ ವಿಲಾಸದಿಂದ ಎತ್ತುವುದು, ಕೊನೆಗೆ ಏನೂ ಮಾಡದೆ ಬಿಡುವುದು. ಏನೂ ಮಾಡದಿರುವುದಕ್ಕೂ ಶಾಸ್ತ್ರದಲ್ಲಿ ಒಂದು ಹೆಸರಿಟ್ಟ ಮುನಿಗೆ ಸರ್ಕಾರಿ ನೌಕರರ ಪರವಾಗಿ ನಮಸ್ಕಾರ. ಈ ಏಳರಲ್ಲಿ ಒಂದೊಂದೂ ಸಂಸಾರದಲ್ಲಿ ಎಷ್ಟು ವಾಕ್ಯ ಉಳಿಸುತ್ತದೆ ಎಂದು ನೋಡಬೇಕಾದರೆ ನೆಂಟರು ಊಟಕ್ಕೆ ಕುಳಿತ ಹೊತ್ತನ್ನು ಪರೀಕ್ಷಿಸಬೇಕು. ಪಾಯಸ ತಳ ಕಂಡಿದೆ. ಮನೆಯ ಯಜಮಾನ ತಾನೂ ಎರಡನೇ ಸಲ ಹಾಕಿಸಿಕೊಳ್ಳಲು ಲೋಟ ಮುಂದೆ ಮಾಡುತ್ತಾನೆ. ಸೌಟು ಹಿಡಿದ ಗೃಹಿಣಿ ಎಡಗಡೆಯ ಹುಬ್ಬನ್ನು ಕೂದಲೆಳೆಯಷ್ಟು ಎತ್ತುತ್ತಾಳೆ. "ಯಾಕೋ ಹೊಟ್ಟೆ ಭಾರ" ಎನ್ನುತ್ತ ಲೋಟ ಹಿಂದಕ್ಕೆ ಹೋಗುತ್ತದೆ. ನೆಂಟರಿಗೆ ಸುಳಿವಿಲ್ಲ, ಮನೆಯ ಮಾನ ಉಳಿಯಿತು. ಅದೇ ಗೃಹಿಣಿಗೆ ಅರವತ್ತೈದಾದ ಮೇಲೆ ಅದೇ ಪ್ರಸಂಗ ಬರಲಿ. ಅವಳು ಎತ್ತುತ್ತಾಳೆ, ಎತ್ತಿದ್ದು ಯಾರಿಗೂ ಕಾಣುವುದಿಲ್ಲ. "ರೀ, ಒಂದ್ನಿಮಿಷ ಒಳಗೆ ಬನ್ನಿ" ಎನ್ನಬೇಕು. ಇವನು "ಇಲ್ಲೇ ಹೇಳು, ಪರವಾಗಿಲ್ಲ" ಎನ್ನುತ್ತಾನೆ. ಆಮೇಲೆ ಅಡುಗೆಮನೆಯ ಪಿಸುಮಾತು, ಇವನ ಕಿವಿ ಮಂದವಾದ್ದರಿಂದ ಮತ್ತೆ ಜೋರುಮಾತು, ಹಜಾರದಲ್ಲಿ ನೆಂಟರು "ನಮಗೆ ಸಾಕು, ಸಾಕು" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು. ನಾಲ್ಕು ಕೂದಲಿದ್ದಿದ್ದರೆ ಇಷ್ಟು ಸಂಭಾಷಣೆ ಬೇಕಿರಲಿಲ್ಲ.

ಎರಡನೆಯ ಪ್ರಮಾಣ ಪಾಶ್ಚಾತ್ಯರದು. ಎಂಐಟಿಯ ಪವನ್ ಸಿನ್ಹಾ ಮತ್ತು ಜೊತೆಗಾರರು 2003ರಲ್ಲಿ ಪ್ರಸಿದ್ಧರ ಮುಖಚಿತ್ರಗಳಿಂದ ಒಮ್ಮೆ ಕಣ್ಣನ್ನೂ ಇನ್ನೊಮ್ಮೆ ಹುಬ್ಬನ್ನೂ ಅಳಿಸಿ ಜನರಿಗೆ ತೋರಿಸಿದರು. ಕಣ್ಣಿಲ್ಲದ ನಿಕ್ಸನ್ನನನ್ನು ಗುರುತಿಸುವುದಕ್ಕಿಂತ ಹುಬ್ಬಿಲ್ಲದ ನಿಕ್ಸನ್ನನನ್ನು ಗುರುತಿಸುವುದು ಜನಕ್ಕೆ ಕಷ್ಟವಾಯಿತು. ಅಮೆರಿಕದ ಅಧ್ಯಕ್ಷನ ಪಾಡೇ ಹೀಗಿರುವಾಗ ಪಿಂಚಣಿದಾರರ ಪಾಡೇನು? ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆಂದು ಸರ್ಕಾರಕ್ಕೆ ತೋರಿಸಬೇಕು, ಮೊಬೈಲಿಗೆ ಮುಖ ಒಡ್ಡಿಯೇ ಜೀವನ ಪ್ರಮಾಣ ಪತ್ರ ಪಡೆಯುವ ಸೌಕರ್ಯ 2021ರಿಂದ ಬಂದಿದೆ. ಅಲ್ಲಿ ಕಣ್ಣು ಮಿಟುಕಿಸಿ ಎನ್ನುತ್ತಾರೆಯೇ ಹೊರತು ಹುಬ್ಬೇರಿಸಿ ಎನ್ನುವುದಿಲ್ಲ. ಇದು ಆಡಳಿತದ ದೂರದೃಷ್ಟಿ.

ಮಾನವಶಾಸ್ತ್ರದವರ ಸಾಕ್ಷ್ಯ ಇನ್ನೂ ಗಟ್ಟಿ. ಇಂದಿನ ಜಾಂಬಿಯಾದ ಕಾಬ್ವೆಯಲ್ಲಿ 1921ರಲ್ಲಿ ಸಿಕ್ಕಿದ ಪುರಾತನ ತಲೆಬುರುಡೆಯೊಂದಕ್ಕೆ ಹುಬ್ಬಿನ ಜಾಗದಲ್ಲಿ ದಪ್ಪನೆಯ ಮೂಳೆಯ ದಿಣ್ಣೆ ಇದೆ. ಅಷ್ಟು ಮೂಳೆ ಯಾಕೆ ಬೇಕಿತ್ತು? ಕಚ್ಚಿ ಜಗಿಯುವಾಗ ಮುಖಕ್ಕೆ ಬೀಳುವ ಭಾರ ತಡೆಯಲು ಎಂದು ಹಿಂದಿನವರ ಊಹೆ. 2018ರಲ್ಲಿ ಸಂಶೋಧಕರು ಆ ದಿಣ್ಣೆಯನ್ನು ಕಂಪ್ಯೂಟರಿನಲ್ಲಿ ಕೆತ್ತಿ ತೆಗೆದು ನೋಡಿದರು. ಜಗಿಯುವುದಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಕಾರವಿರಲಿಲ್ಲ. ಅದು ಇನ್ನೊಬ್ಬರಿಗೆ ತೋರಿಸಲೆಂದೇ ಇದ್ದದ್ದಿರಬೇಕು, ಆಮೇಲೆ ಹಣೆ ಚಪ್ಪಟೆಯಾಗಿ ನಮಗೆ ಆಡಿಸಬಲ್ಲ ಹುಬ್ಬು ದೊರೆತು ಸೂಕ್ಷ್ಮ ಭಾವ ತಿಳಿಸುವುದು ಸಾಧ್ಯವಾಯಿತು ಎಂಬುದು ಅವರ ವಾದ. ನಾಯಿಯನ್ನು ನೋಡಿ. ಒಳಹುಬ್ಬನ್ನು ಮೇಲೆತ್ತುವ ಒಂದು ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹಾಗೆ ಬೆಳೆದಿಲ್ಲ ಎಂದು 2019ರಲ್ಲಿ ಪ್ರಕಟವಾಯಿತು. ನಾಯಿಗೆ ಮಾತು ಬರದು. ಆದರೂ ಅದು ಹುಬ್ಬೆತ್ತಿದರೆ ತಟ್ಟೆಯ ದೋಸೆಯಲ್ಲಿ ಅರ್ಧ ಅದರ ಪಾಲಿಗೆ ಹೋಗುತ್ತದೆ. ಇದೇ ದೋಸೆಗೆ ಮನೆಯ ಹಿರಿಯರು ಎರಡು ಸಲ ಬಾಯಿಬಿಟ್ಟು ಕೇಳಬೇಕು.

ಮೋನಾಲಿಸಾಳನ್ನು ಈ ಚರ್ಚೆಯಿಂದ ಹೊರಗಿಡಲಾಗದು. ಅವಳಿಗೆ ಹುಬ್ಬು ಕಾಣುವುದಿಲ್ಲ. ಪಾಸ್ಕಲ್ ಕೋತ್ ಎಂಬ ಫ್ರೆಂಚ್ ಎಂಜಿನಿಯರ್ ಚಿತ್ರವನ್ನು ಅತಿಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ, ಮೊದಲು ಹುಬ್ಬಿತ್ತು, ಕಾಲಕ್ರಮದಲ್ಲಿ ಅಳಿಸಿಹೋಗಿದೆ ಎಂದು 2007ರಲ್ಲಿ ಹೇಳಿದ. ವಯಸ್ಸು ಐನೂರು ದಾಟಿದಾಗ ಹೀಗಾಗುವುದು ಸಹಜವೇ. ಪಾಪ, ಅವಳು ಮಾತಾಡಲಾರಳು, ಹಾಗಾಗಿ ಅವಳ ಪಾಲಿನ ಮಾತನ್ನೆಲ್ಲ ವಿಮರ್ಶಕರು ಆಡುತ್ತಿದ್ದಾರೆ. ನಿಯಮ ಇಲ್ಲಿಯೂ ತಪ್ಪಿಲ್ಲ.

ಕರಾವಳಿಯ ಪಂಡಿತರು ಇಲ್ಲಿ ಎದ್ದು ನಿಲ್ಲುತ್ತಾರೆ. ಯಕ್ಷಗಾನದವರು ಚೌಕಿಯಲ್ಲಿ ಕನ್ನಡಿ ಹಿಡಿದು ಕುಳಿತು ತಮ್ಮ ಹುಬ್ಬನ್ನು ತಾವೇ ಕಪ್ಪಿನಲ್ಲಿ ಉದ್ದಕ್ಕೆ ತಿದ್ದಿಕೊಳ್ಳುತ್ತಾರಲ್ಲ, ರಂಗಸ್ಥಳಕ್ಕೆ ಬಂದ ಮೇಲೆ ಅವರ ಮಾತಿಗೆ ತಡೆಯುಂಟೇ ಎಂದು ಕೇಳುತ್ತಾರೆ. ಪ್ರಶ್ನೆ ಒಳ್ಳೆಯದೇ, ಆದರೆ ಅದೇ ಅವರಿಗೆ ತಿರುಗುಬಾಣ. ಯಕ್ಷಗಾನದಿಂದ ವೇಷ ಕಳೆಯಿರಿ, ಕುಣಿತ ಕಳೆಯಿರಿ, ಬರೆದ ಹುಬ್ಬನ್ನು ಒರೆಸಿಬಿಡಿ. ಉಳಿಯುವುದೇನು? ತಾಳಮದ್ದಳೆ. ಅಲ್ಲಿ ಅರ್ಥಧಾರಿಗಳು ಬಿಳಿ ಪಂಚೆಯುಟ್ಟು ಸಾಲಾಗಿ ಕುಳಿತು ಮಾತೇ ಮಾತು. ಕೃಷ್ಣ ಸಂಧಾನಕ್ಕೆ ಹೊರಟರೆ ಕೌರವನ ಮೊದಲ ಉತ್ತರ ಮುಗಿಯುವ ಹೊತ್ತಿಗೆ ಸಭಿಕರಿಗೆ ಎರಡನೇ ಚಹಾ ಬಂದಿರುತ್ತದೆ. ಹುಬ್ಬು ಹೋದ ಯಕ್ಷಗಾನವೇ ತಾಳಮದ್ದಳೆ. ಇದಕ್ಕಿಂತ ಶುದ್ಧವಾದ ಪ್ರಯೋಗವನ್ನು ಯಾವ ಪ್ರಯೋಗಾಲಯವೂ ಮಾಡಿ ತೋರಿಸಲಾರದು.

ಎರಡನೆಯ ಪೂರ್ವಪಕ್ಷ ತುಸು ಕಾಟ ಕೊಡುವಂಥದ್ದು. ಕೆಲವು ಗಂಡಸರಿಗೆ ವಯಸ್ಸಾದಂತೆ ಹುಬ್ಬು ತೆಳುವಾಗುವ ಬದಲು ಒಂದೊಂದು ಕೂದಲು ಉದ್ದಕ್ಕೆ, ಒರಟಾಗಿ, ಕಿವಿಯ ಕೂದಲಿನ ಜೊತೆ ಪಂದ್ಯ ಕಟ್ಟಿದಂತೆ ಬೆಳೆಯುತ್ತದೆ. ಸೋವಿಯತ್ ನಾಯಕ ಬ್ರೆಜ್ನೆವ್‌ನದು ಪೊದೆಯಂಥ ಹುಬ್ಬು, ಆದರೂ ಅವನು ಪಕ್ಷದ ಮಹಾಧಿವೇಶನದಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದನಲ್ಲ? ಉತ್ತರ: ಅವನು ಮಾತಾಡುತ್ತಿರಲಿಲ್ಲ, ಬೇರೆಯವರು ಬರೆದುಕೊಟ್ಟದ್ದನ್ನು ಓದುತ್ತಿದ್ದ. ಬರೆದವರ ಹುಬ್ಬು ಹೇಗಿತ್ತೆಂಬ ದಾಖಲೆ ತಂದವರ ಜೊತೆ ಮುಂದಿನ ವಾದ.

ಒಂದು ಕಡೆ ಮಾತ್ರ ಪಾಂಡಿತ್ಯವನ್ನು ಬದಿಗಿಟ್ಟು ಹೇಳಬೇಕು. ಹುಬ್ಬಿನ ಹೊರತುದಿಯ ಮೂರನೇ ಒಂದು ಪಾಲು ಮಾತ್ರ ಸವೆದಿದ್ದು, ಜೊತೆಗೆ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ತೂಕ ಏರುವುದು ಇದ್ದರೆ ಥೈರಾಯ್ಡ್ ಕುಗ್ಗಿರಬಹುದು. ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸುವುದು ವಿವೇಕ. ಬೆಲ್ಜಿಯಂನ ವೈದ್ಯ ಹರ್ಟೋಗ್‌ನ ಹೆಸರು ಈ ಲಕ್ಷಣಕ್ಕಿದೆ, ಡೆನ್ಮಾರ್ಕಿನಲ್ಲಿ ಹುಟ್ಟಿ ಇಂಗ್ಲೆಂಡಿನ ರಾಣಿಯಾದ ಆನ್‌ಳ ಹೆಸರೂ ಇದೆ. ಚಿತ್ರಪಟದಲ್ಲಿ ಅವಳ ಹುಬ್ಬು ಹಾಗೆ ಕಂಡಿತೆಂಬುದಷ್ಟೇ ಅವಳ ಅಪರಾಧ. ಬರೀ ವಯಸ್ಸಿನಿಂದಲೂ ಅದೇ ತುದಿ ಸವೆಯುತ್ತದೆ, ಆದ್ದರಿಂದ ಕನ್ನಡಿ ನೋಡಿ ತೀರ್ಪು ಕೊಟ್ಟುಕೊಳ್ಳಬಾರದು. ಬಿಲ್ಲೆಬಿಲ್ಲೆಯಾಗಿ ಉದುರಿದರೆ, ಅಥವಾ ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆಗಳಿದ್ದು ಹುಬ್ಬೂ ಉದುರಿದರೆ ಚರ್ಮವೈದ್ಯರ ಬಳಿ ತಡಮಾಡದೆ ಹೋಗಬೇಕು; ಕುಷ್ಠರೋಗಕ್ಕೆ ಪೂರ್ತಿ ಗುಣಪಡಿಸುವ ಔಷಧಿ ಇದೆ. ಇಷ್ಟು ಹೇಳಿ ಮತ್ತೆ ಪೇಟ ಕಟ್ಟಿಕೊಳ್ಳೋಣ.

ಚಿಕಿತ್ಸಾ ಪ್ರಕರಣ. ಎಲ್ಲ ಅಜ್ಜಿಯರೂ ಒಮ್ಮತದಿಂದ ಹೇಳುವುದು ಹರಳೆಣ್ಣೆ. ಅದರಿಂದ ಹೊಸ ಕೂದಲು ಹುಟ್ಟಿತೆಂಬುದಕ್ಕೆ ಗಟ್ಟಿ ಆಧಾರವಿಲ್ಲ, ಇರುವ ನಾಲ್ಕು ಕೂದಲು ಮಿರುಗುತ್ತವೆ, ದಿಂಬಿನ ಕವರೂ ಮಿರುಗುತ್ತದೆ. ಆಧುನಿಕ ಔಷಧಿಗಳ ವಂಶಾವಳಿ ಸ್ವಾರಸ್ಯದ್ದು. ಮಿನಾಕ್ಸಿಡಿಲ್ ಹುಟ್ಟಿದ್ದು ರಕ್ತದೊತ್ತಡದ ಮಾತ್ರೆಯಾಗಿ. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂದದ್ದರಿಂದ ಅದಕ್ಕೆ ಎರಡನೇ ಉದ್ಯೋಗ ಸಿಕ್ಕಿತು. ಬಿಮಾಟೊಪ್ರೋಸ್ಟ್ ಗ್ಲಾಕೋಮಾದ ಕಣ್ಣಿನ ಹನಿ. ರೆಪ್ಪೆಗೂದಲು ನೀಳವಾಗುವುದು ಕಂಡು 2008ರಲ್ಲಿ ಅಮೆರಿಕದಲ್ಲಿ ರೆಪ್ಪೆಗೆಂದೇ ಅದಕ್ಕೆ ಒಪ್ಪಿಗೆ ದೊರೆಯಿತು. ಎರಡನ್ನೂ ಹುಬ್ಬಿಗೆ ಬಳಸುವುದುಂಟು, ಡಾಕ್ಟರು ಹೇಳಿದರೆ ಮಾತ್ರ. ನಮ್ಮ ಕಾಲದ ಕೇಶವೃದ್ಧಿ ಎಲ್ಲ ಬೇರೆ ಕಾಯಿಲೆಯವರ ಪುಣ್ಯ ಎಂದಾಯಿತು. ಮೈಕ್ರೋಬ್ಲೇಡಿಂಗ್ ಎಂಬಲ್ಲಿ ಸಣ್ಣ ಬ್ಲೇಡಿನಿಂದ ಕೂದಲಿನಂಥ ಗೆರೆ ಕೊರೆದು ಬಣ್ಣ ತುಂಬುತ್ತಾರೆ. ಒಂದೆರಡು ವರ್ಷಕ್ಕೆ ಮಾಸುತ್ತದೆ. ತಲೆಯ ಹಿಂಭಾಗದ ಕೂದಲನ್ನು ತಂದು ಹುಬ್ಬಿನಲ್ಲಿ ನೆಡುವ ಶಸ್ತ್ರವಿಧಾನವೂ ಇದೆ, ಆದರೆ ನೆಟ್ಟ ಕೂದಲು ತನ್ನ ತವರಿನ ಬುದ್ಧಿ ಬಿಡದೆ ತಲೆಗೂದಲಿನಂತೆಯೇ ಬೆಳೆಯುತ್ತ ಹೋಗುತ್ತದೆ. ಆಗಾಗ ಕತ್ತರಿಸದಿದ್ದರೆ ಮೇಲೆ ಬೇಡವೆಂದ ಜಡೆ ಹಾಕಲೇಬೇಕಾದೀತು. ಐಬ್ರೋ ಪೆನ್ಸಿಲ್ ಅಗ್ಗ, ನಿರಪಾಯ. ಅದರ ದೋಷವೊಂದೇ, ಒಂದು ಗೆರೆ ಹೆಚ್ಚಾದರೆ ದಿನವಿಡೀ ಆಶ್ಚರ್ಯದ ಮುಖ; ಸಾವಿನ ಮನೆಗೆ ಹೋದಾಗ ಕಷ್ಟ.

ಈ ಎಲ್ಲ ಮತಗಳನ್ನೂ ಖಂಡಿಸಿ ಈ ಗ್ರಂಥಕಾರ ಸ್ಥಾಪಿಸುವುದು ದಪ್ಪ ಕಪ್ಪು ಫ್ರೇಮಿನ ಕನ್ನಡಕವನ್ನು. ಮೇಲಂಚು ಹುಬ್ಬಿದ್ದ ಗೆರೆಯ ಮೇಲೆಯೇ ಕೂರುವಂತೆ ಅಂಗಡಿಯವನ ಹತ್ತಿರ ಆರಿಸಿಕೊಳ್ಳಬೇಕು. ಭರತನ ಏಳೂ ಕರ್ಮಗಳು ಇದರಿಂದ ಸಿದ್ಧಿಸುತ್ತವೆ. ಮೂಗಿನ ತುದಿಗೆ ಜಾರಿಸಿ ಮೇಲಿನಿಂದ ನೋಡಿದರೆ ಉತ್ಕ್ಷೇಪ. ಬೆರಳಿನಿಂದ ಮೆಲ್ಲಗೆ ಸ್ವಸ್ಥಾನಕ್ಕೆ ತಳ್ಳಿದರೆ ಪಾತನ. ತೆಗೆದು ಟಪ್ಪೆಂದು ಮೇಜಿನ ಮೇಲಿಟ್ಟರೆ ಭ್ರುಕುಟಿ. ಮಗನ ಕ್ರೆಡಿಟ್ ಕಾರ್ಡ್ ಬಿಲ್ಲು ಬಂದ ದಿನ ಇದನ್ನು ಪ್ರಯೋಗಿಸಬಹುದು. ಕಡ್ಡಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರೆ ಚತುರ, ಪಂಚೆಯ ಅಂಚಿನಿಂದ ಒರೆಸುತ್ತ ಕುಳಿತರೆ ಕುಂಚಿತ, ಒಂದು ಕಡ್ಡಿ ಹಿಡಿದು ಗಾಳಿಯಲ್ಲಿ ತಿರುಗಿಸಿದರೆ ರೇಚಿತ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಸಹಜ. ಏಳರಲ್ಲಿ ಇದೊಂದಕ್ಕೆ ಮಾತ್ರ ಬಾಯಿ ತೆರೆಯದೆ ಗತಿಯಿಲ್ಲ, ಮತ್ತು ದಿನದ ಬಹುಪಾಲು ನಡೆಯುವುದು ಇದೇ.